ಕಾಗದದ ಮೇಲಿನ ಪಾದ

ಫೆಬ್ರವರಿ 6

ಅಮ್ಮಾ,

ಕೆಲಸ ಸಿಕ್ಕಿತು ಅಂತ ಫೋನಿನಲ್ಲಿ ಹೇಳಿದೆ. ಯಾವ ಕೆಲಸ ಅಂತ ಹೇಳುವಷ್ಟರಲ್ಲಿ ನಿನ್ನ ಹೋಟೆಲಿನ ಬಟ್ಟೆ ಒಗೆಯುವ ಯಂತ್ರ ಅರಚತೊಡಗಿತು. "ಏನೂ ಕೇಳಿಸ್ತಿಲ್ಲ ಕಣೇ, ಕಾಗದ ಬರಿ" ಅಂದು ನೀನು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಬೂಟಿನ ಅಂಗಡಿ ಅಮ್ಮ. ದೊಡ್ಡದು, ಬೀದಿಯ ಕಡೆಗೆಲ್ಲ ಗಾಜು, ಒಳಗೆ ತಣ್ಣನೆ ಗಾಳಿ. ಹೊರಗೆ ನಿಂತು ನೋಡಿದವರು ನನ್ನನ್ನು ಪುಣ್ಯವಂತೆ ಅಂದುಕೊಳ್ಳಬೇಕು.

ಗಿರಾಕಿ ಕೂರುವುದು ಮೆತ್ತನೆಯ ಕುರ್ಚಿಯಲ್ಲಿ, ನಾನು ಕೂರುವುದು ಅವರ ಮುಂದೆ ಒಂದು ಗಿಡ್ಡ ಮಣೆಯ ಮೇಲೆ. ಹಾಗಾಗಿ ನನ್ನ ಮೂಗು ದಿನವಿಡೀ ಜನರ ಮೊಣಕಾಲಿನ ಮಟ್ಟದಲ್ಲಿರುತ್ತದೆ. ಅಲ್ಲಿಗೆ ಏನೇನು ಬರುತ್ತದೆ ಅಂತ ಹೇಳಿದರೆ ನಿನಗೆ ಊಟ ಸೇರುವುದಿಲ್ಲ. ಆದರೂ ಹೇಳುತ್ತೇನೆ, ನಾನೊಬ್ಬಳೇ ಯಾಕೆ ಅನುಭವಿಸಲಿ? ನಿನ್ನೆ ಒಬ್ಬ ಬಂದ. ಟೈ, ಕೋಟು, ಬಾಗಿಲಿನಿಂದಲೇ ಮೂಗಿಗೆ ಬಡಿಯುವ ಅತ್ತರು. ಬೂಟು ಬಿಚ್ಚಿದ, ಅತ್ತರು ಸೋತುಹೋಯಿತು. ಸಾಕ್ಸ್ ಕಾಲಿಗೆ ಅಂಟಿಕೊಂಡಿತ್ತು. ಅದನ್ನು ಸುಲಿದಾಗ ಬೂದು ಬಣ್ಣದ ಹೊಟ್ಟು ನನ್ನ ಮಡಿಲಿಗೆ ಉದುರಿತು. ಬೆರಳ ಸಂದಿಯಲ್ಲಿ ನೆನೆದು ಬಿಳಿಚಿಕೊಂಡ ಚರ್ಮ, ಹೆಬ್ಬೆರಳಿಗೆ ಕೊಂಬಿನಂಥ ಹಳದಿ ಉಗುರು. "ಸ್ವಲ್ಪ ಬೇಗ ಮಾಡಮ್ಮ" ಅಂತ ನನಗೇ ಹೇಳಿದ. ಥೂ. ಮುಖಕ್ಕೆ ಅಷ್ಟೆಲ್ಲ ಮಾಡಿಕೊಳ್ಳುವ ಜನ ಕಾಲನ್ನು ಯಾರೋ ಬಾಡಿಗೆಗೆ ಕೊಟ್ಟಿದ್ದಾರೆ ಅನ್ನುವ ಹಾಗೆ ಇಟ್ಟುಕೊಂಡಿರುತ್ತಾರೆ.

ನನ್ನ ಮುಖ ನೋಡಿ ಅಂಗಡಿಯ ಯಜಮಾನರು ಹತ್ತಿರ ಬಂದು, "ಮೂಗಿಗೆ ನಾನು ಸಂಬಳ ಕೊಡಲ್ಲ" ಅಂತ ಮೆಲ್ಲಗೆ ಹೇಳಿ ಹೋದರು.

ಒಂದು ಲಾಭ ಇದೆ. ಹೊಸದಾಗಿ ಸೇರಿದವರಿಗೆ ಒಂದು ಜೊತೆ ಪುಕ್ಕಟೆ, ಬೇಕಿದ್ದರೆ ಮನೆಯವರಿಗೆ ಕೊಡಬಹುದು. ಹೋದ ಸಲ ನಾನು ಬಂದಾಗ ನೀನು ಕುಂಟುತ್ತಿದ್ದೆ. ಕೇಳಿದರೆ ಜೋಮು ಹಿಡಿದಿದೆ ಅಂದೆ. ಮೂರು ದಿನ ಹಿಡಿದಿರುವ ಜೋಮು ನಾನೆಲ್ಲೂ ಕೇಳಿಲ್ಲ. ನಿನ್ನ ಪಾದದ ಗೆರೆ ಎಳೆದು ಕಳಿಸು. ಸಂಜೆ ಹೊತ್ತು ಎಳೆ, ದಿನವಿಡೀ ನಿಂತ ಕಾಲು ಸಂಜೆಗೆ ಊದಿರುತ್ತದೆ, ಅದೇ ಅದರ ನಿಜವಾದ ಅಳತೆ. ಕೂತು ಎಳೆಯಬೇಡ, ಭಾರ ಬಿಟ್ಟು ನಿಂತುಕೋ. ಪೆನ್ಸಿಲ್ಲು ನೆಟ್ಟಗಿರಲಿ. ಎರಡೂ ಕಾಲಿನದು ಬೇಕು. ಸಾಕ್ಸ್ ಬಿಚ್ಚಿ ಎಳೆಯಬೇಕು, ನಿನಗೆ ಹೇಳದಿದ್ದರೆ ಆಗದು.

ನಿನ್ನ ಮಗಳು,
ಪುಟ್ಟಿ


ಫೆಬ್ರವರಿ 19

ಪುಟ್ಟೀ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲೇ ಓದಿದೆ. ಊಟ ಚೆನ್ನಾಗಿಯೇ ಸೇರಿತು. ಜನರ ಕಾಲು ಹೊಲಸು ಅನ್ನುತ್ತೀಯಲ್ಲ, ಅವರು ಮಲಗಿ ಎದ್ದ ಹಾಸಿಗೆಯನ್ನು ಒಂದು ದಿನ ನೋಡು ಬಾ. ದಿಂಬಿನ ಚೀಲದಲ್ಲಿ ಜೊಲ್ಲು, ತಲೆಗೆ ಹಚ್ಚಿದ ಬಣ್ಣ. ಮುಖ ಒರೆಸಲು ಕೊಟ್ಟ ಬಿಳಿ ಟವೆಲಿನಲ್ಲಿ ಬೂಟು ಒರೆಸುತ್ತಾರೆ. ಮೊನ್ನೆ ಒಂದು ಹೊದಿಕೆಯನ್ನು ಯಾರೋ ಬಹಳ ನಾಜೂಕಾಗಿ ಮಡಿಸಿ ಇಟ್ಟಿದ್ದರು. ಅಬ್ಬ, ಎಂಥ ಸಭ್ಯರು ಅಂತ ಬಿಚ್ಚಿದೆ. ಒಳಗೆ ರಾತ್ರಿ ಕಕ್ಕಿದ್ದೆಲ್ಲ ಇತ್ತು. ಇವರೇ ಬೆಳಿಗ್ಗೆ ಸ್ನಾನ ಮಾಡಿ, ಟೈ ಕಟ್ಟಿ, ನಿನ್ನ ಅಂಗಡಿಗೆ ಬರುವವರು. ಮನುಷ್ಯನ ಮೈಯಿಂದ ಬರುವ ಎಲ್ಲ ಹೊಲಸೂ ನನ್ನ ಕೈ ದಾಟಿಯೇ ಹೋಗಿದೆ. ಈಗ ನನಗೆ ಸೋಪಿನ ವಾಸನೆಯೇ ಹೇಸಿಗೆ.

ಇಲ್ಲಿ ಹೊಸ ಕಾನೂನು ಬಂದಿದೆ. ನಮ್ಮ ಮೇಲ್ವಿಚಾರಕ ಗೊತ್ತಲ್ಲ, ಹಲ್ಲಿನ ಸಂದಿಯಲ್ಲಿ ಸೀಟಿ ಹೊಡೆಯುತ್ತ ಬರುತ್ತಾನೆ ಅಂತ ನಾವೆಲ್ಲ ಸೀಟಿ ಅಂತಲೇ ಕರೆಯುವುದು. ಅವನು ಇಸ್ತ್ರಿ ಮೇಜಿನ ಪಕ್ಕದ ಸ್ಟೂಲುಗಳನ್ನೆಲ್ಲ ಎತ್ತಿಸಿದ. "ನಿಂತು ಕೆಲಸ ಮಾಡಕ್ಕಾಗದೋರು ಆರಾಮಾಗಿ ಮನೇಲಿ ಕೂತ್ಕೋಬಹುದು" ಅಂದ. ಹೇಳಿದ್ದು ಎಲ್ಲರಿಗೂ, ನೋಡಿದ್ದು ನನ್ನ ಕಡೆ. ನನಗೆ ಮನೆಯಲ್ಲಿ ಕೂರುವ ಆಸೆ ಇಲ್ಲ. ನಿನ್ನ ಬಾಡಿಗೆ ಕೋಣೆಯ ಮೂಲೆಯಲ್ಲಿ ಕೂತು ನಿನ್ನ ದುಡಿಮೆಯ ಅನ್ನ ಉಣ್ಣುವುದಕ್ಕಂತೂ ಇಲ್ಲವೇ ಇಲ್ಲ. ನನ್ನ ಕೈ ಗಟ್ಟಿಯಿದೆ, ಸೊಂಟ ಗಟ್ಟಿಯಿದೆ. ಕಾಲು ಒಂದು ನಿಂತರೆ ಸಾಕು.

ಗೆರೆ ಎಳೆದು ಕಳಿಸಿದ್ದೇನೆ. ಪಕ್ಕದ ಮೇಜಿನ ಹುಡುಗಿ ಸಹಾಯ ಮಾಡಿದಳು. ಒಂದು ಕಡೆ ನಿಲ್ಲದವಳು ಅಂತ ಅವಳಿಗೆ ಚಿಟ್ಟೆ ಅಂತ ಹೆಸರು. ಒಂದೇ ಕಾಲಿನದು ಇದೆ, ಇನ್ನೊಂದು ಕಾಲೂ ಹಾಗೇ ಇದೆ, ಅದಕ್ಕೊಂದು ಕಾಗದ ಯಾಕೆ ದಂಡ.

ನಿನ್ನ,
ಅಮ್ಮ


ಮಾರ್ಚ್ 3

ಅಮ್ಮಾ,

ನಿನ್ನ ಪಾದ ಇಷ್ಟು ಚೆಂದ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಬೇಸಿಗೆಯಲ್ಲೂ ಸಾಕ್ಸ್ ಹಾಕಿಕೊಂಡು ಮಲಗುವವಳು ನೀನು, ನೋಡಿದ್ದಾದರೂ ಯಾವಾಗ. ಬೆರಳೆಲ್ಲ ನೆಟ್ಟಗೆ, ಒಳಗಡೆಯ ಕಮಾನು ಎಷ್ಟು ಹದವಾಗಿದೆ. ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದೆ. ಯಜಮಾನರು ಕನ್ನಡಕ ಏರಿಸಿ ನೋಡಿ, "ನಿಮ್ಮಮ್ಮನದಾ? ಇಪ್ಪತ್ತು ವರ್ಷದ ಹುಡುಗೀದು ಇದ್ದ ಹಾಗಿದೆಯಲ್ಲೇ" ಅಂದರು. ನನಗೆ ಎಷ್ಟು ಜಂಬ ಬಂತು ಅಂದರೆ ಆ ಕಾಗದವನ್ನು ಕೋಣೆಯ ಗೋಡೆಗೆ ಅಂಟಿಸಿದ್ದೇನೆ. ಈ ಊರಿನಲ್ಲಿ ನಾನು ದಿನವೂ ನೋಡುವ ಕಾಲುಗಳ ನಡುವೆ ಅದೊಂದೇ ನೋಡುವ ಹಾಗಿರುವುದು.

ಬೂಟು ಈ ಪೊಟ್ಟಣದಲ್ಲಿದೆ. ಕಪ್ಪು ಬೂಟಿಗೆ ಹಸಿರು ಲೇಸು ಬರುವುದಿಲ್ಲ, ನಿನಗೆ ಹಸಿರು ಇಷ್ಟ ಅಂತ ಬೇರೆ ಜೊತೆಯಿಂದ ತೆಗೆದು ನಾನೇ ಪೋಣಿಸಿದೆ. ಇದನ್ನು ಹೇಗೆ ಆರಿಸಿದೆ ಗೊತ್ತಾ? ಬೂಟಿನ ಮೂತಿ ಹಿಡಿದು ಮಡಿಸಿದೆ, ಬೆರಳು ಮಡಿಯುವ ಕಡೆ ಮಾತ್ರ ಮಡಿಯಿತು. ನಡುವಿನಲ್ಲಿ ಮಡಿಯುವ ಬೂಟು ನಿಂತು ದುಡಿಯುವವರಿಗೆ ಆಗದು. ಹಿಮ್ಮಡಿಯ ಗೋಡೆಯನ್ನು ಹಿಸುಕಿದೆ, ಜಗ್ಗಲಿಲ್ಲ. ಬಟ್ಟೆ ಹಿಂಡುವ ಹಾಗೆ ತಿರುಚಿ ನೋಡಿದೆ, ತಿರುಚಿಕೊಳ್ಳಲಿಲ್ಲ. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಮೊದಲ ದಿನವೇ ಹಿತವಾಗಿರಬೇಕು. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅನ್ನುವುದು ಅಂಗಡಿಯವರು ಕಟ್ಟಿದ ಕಥೆ. ಬೂಟು ಕಾಲಿಗೆ ಒಗ್ಗುವುದಿಲ್ಲ, ಕಾಲೇ ಬೂಟಿಗೆ ಒಗ್ಗಿ ಸೊಟ್ಟಗಾಗುತ್ತದೆ. ಅಂಥ ಕಾಲುಗಳನ್ನು ನೋಡಿ ನೋಡಿ ನನಗೆ ವಾಕರಿಕೆ ಬರುತ್ತದೆ.

ಹಾಕಿಕೊಂಡು ನಿಂತು ಹೇಗಿದೆ ಬರಿ.

ಪುಟ್ಟಿ


ಮಾರ್ಚ್ 20

ಪುಟ್ಟೀ,

ಬೂಟು ಬಂತು. ಚೆನ್ನಾಗಿದೆ. ಎಲ್ಲರೂ ಹೊಗಳಿದರು. ಇಲ್ಲಿ ಮದುವೆಗಳಿಗೆ ಬಂದ ಜನರಿಂದ ಹೋಟೆಲು ತುಂಬಿದೆ, ಕೆಲಸ ಜಾಸ್ತಿ, ಉದ್ದ ಬರೆಯಲಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಏಪ್ರಿಲ್ 11

ಅಮ್ಮಾ,

ಇದೇನು ಕಾಗದ, ತಂತಿ ಕಳಿಸಿದ ಹಾಗೆ. ಹಿಮ್ಮಡಿ ಹಿಡಿಯುತ್ತಾ, ಬೆರಳಿಗೆ ಜಾಗ ಇದೆಯಾ, ಸಂಜೆಗೆ ಕಾಲು ಹೇಗಿರುತ್ತದೆ, ಒಂದನ್ನೂ ಬರೆದಿಲ್ಲ. ನೀನು ಮಾತು ಉಳಿಸಿಕೊಂಡರೆ ನನಗೆ ಭಯ.

ನಿನಗೆ ನಗು ಬರಲಿ ಅಂತ ಒಂದು ಹೇಳುತ್ತೇನೆ. ಹೋದ ಮಂಗಳವಾರ ಒಬ್ಬ ಮುದುಕಿ ಬಂದಳು. ಮೂತಿ ಚೂಪಿರುವ ಬೂಟೇ ಬೇಕಂತೆ, ಅದೂ ಐದನೇ ನಂಬರು. ಕಾಲು ನೋಡಿದರೆ ಏಳು. "ನಂದು ಮದುವೆಯಾದಾಗಿಂದ ಐದೇ" ಅಂತ ಹಟ. ಸಾಕ್ಸ್ ತೆಗೆಸಿದೆ. ಅಮ್ಮಾ, ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಮಲಗಿತ್ತು. ಅದರ ಬುಡದಲ್ಲಿ ಕೆಂಪಗೆ, ಹೊಳೆಯುವ ಒಂದು ಗಂಟು. ಅಡಿಯಲ್ಲಿ ಆಣಿಗಳು. ಅದು ಕಾಲು ಅಂತ ಅನ್ನಿಸಲೇ ಇಲ್ಲ, ನೆಲದಿಂದ ಕಿತ್ತ ಯಾವುದೋ ಗೆಡ್ಡೆ. ನಾನು ಉಸಿರು ಕಟ್ಟಿ, ಮುಖವನ್ನು ಬೀದಿ ಕಡೆ ತಿರುಗಿಸಿ, ಎರಡೇ ಬೆರಳಲ್ಲಿ ಹಿಡಿದು ಬೂಟಿಗೆ ತುರುಕಿದೆ. ಆಚೆ ಕೌಂಟರಿನಲ್ಲಿದ್ದವಳು ನನ್ನ ಮುಖ ನೋಡಿ ನಗು ತಡೆಯಲಾರದೆ ಒಳಗೆ ಓಡಿದಳು. ಆಮೇಲೆ ಮೂರು ಸಲ ಕೈ ತೊಳೆದೆ. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡು, ಅದನ್ನು ತಂದು ನನ್ನ ಮಡಿಲಿಗೆ ಇಡುತ್ತಾರಲ್ಲ, ನಾನೇನು ಪಾಪ ಮಾಡಿದ್ದೆ?

ನೀನು ನಕ್ಕರೆ ನನಗೆ ಬರಿ. ಈ ಸಲ ಉದ್ದದ ಕಾಗದ ಬೇಕು.

ಪುಟ್ಟಿ


ಮೇ 12

ಅಮ್ಮಾ,

ಒಂದು ತಿಂಗಳಾಯಿತು, ನಿನ್ನಿಂದ ಒಂದು ಅಕ್ಷರ ಇಲ್ಲ. ಫೋನು ಮಾಡಿದರೆ ಯಂತ್ರದ ಸದ್ದನ್ನು ಕೇಳಿಸಿ ಇಡುತ್ತೀಯ. ಇರಲಿ. ಇವತ್ತು ಅಂಗಡಿಗೆ ಯಾರು ಬಂದಿದ್ದರು ಹೇಳುತ್ತೇನೆ, ಕೇಳು.

ಒಬ್ಬ ಹುಡುಗಿ ಬಂದಳು. "ಇದರ ಅಟ್ಟೆ ಬಿಟ್ಕೊಂಡಿದೆ, ಡಬ್ಬದ ಮೇಲೆ ನಿಮ್ಮಂಗಡಿ ವಿಳಾಸ ಇತ್ತು, ಬದಲಾಯಿಸಿ ಕೊಡ್ತೀರಾ?" ಅಂತ ಕಾಲು ಮುಂದೆ ಚಾಚಿದಳು. ಕಪ್ಪು ಬೂಟು, ಹಸಿರು ಲೇಸು.

"ಇದು ನಿಮಗೆಲ್ಲಿ ಸಿಕ್ತು?" ಅಂದೆ.

"ನಮ್ಮ ಲಾಂಡ್ರಿ ಅಕ್ಕ ಕೊಟ್ಟರು. ಅವರ ಮಗಳು ಕಳಿಸಿದ್ದಂತೆ. ಅವರಿಗೆ ಆಗಲಿಲ್ಲ. ಹೇಗೆ ಆಗುತ್ತೆ ಹೇಳಿ, ಗೆರೆ ಎಳ್ಕೊಂಡಿದ್ದು ನನ್ನ ಕಾಲಿಂದು."

ಬೂಟು ಬಿಚ್ಚಿದಳು. ಆ ಕಾಲಿನ ಗುರುತು ನನಗೆ ಯಾರೂ ಹೇಳಬೇಕಾಗಿರಲಿಲ್ಲ, ಎರಡು ತಿಂಗಳಿಂದ ಅದನ್ನು ಗೋಡೆಯ ಮೇಲೆ ನೋಡುತ್ತಿದ್ದೇನೆ. ಇವಳೇ ಚಿಟ್ಟೆ ಅಂತ ಆಗ ಹೊಳೆಯಿತು. ನಾನು ಯಾರು ಅಂತ ಅವಳಿಗೆ ಹೇಳಲಿಲ್ಲ.

"ಅವರ ಕಾಲು ಹೇಗಿದೆ?" ಅಂತ ಕೇಳಿದೆ.

"ಯಾರು ನೋಡಿದ್ದಾರೆ? ಸಾಕ್ಸ್ ಬಿಚ್ಚಿದ್ದೇ ಕಂಡಿಲ್ಲ. ಈ ಬೂಟನ್ನೇ ಮೂರ್ನಾಕು ದಿನ ಹಾಕ್ಕೊಂಡು ನಿಂತರು ಪಾಪ, ಮಗಳು ಕಳಿಸಿದ್ದು ಅಂತ. ಆಮೇಲೆ ಸಾಕ್ಸ್ ಮೇಲೆ ರಕ್ತ ಕಾಣಿಸ್ತು. ಈಗ ಬಚ್ಚಲ ಚಪ್ಪಲಿ ಮೆಟ್ಕೊಂಡು, ಮೇಜಿಗೆ ಒರಗ್ಕೊಂಡು ನಿಲ್ತಾರೆ. ಹತ್ರ ಹೋದರೆ ವಾಸನೆ. ಜೂನ್ ಒಳಗೆ ನೆಟ್ಟಗೆ ನಿಲ್ಲದಿದ್ದರೆ ಬೇರೆಯವರನ್ನ ತಗೋತೀನಿ ಅಂತ ಸೀಟಿ ಹೇಳಿದ್ದಾನೆ."

ಅವಳಿಗೆ ಹೊಸ ಬೂಟು ಕೊಟ್ಟು ಕಳಿಸಿದೆ. ಆಮೇಲೆ ಗೋದಾಮಿಗೆ ಹೋಗಿ ಪೆಟ್ಟಿಗೆಗಳ ನಡುವೆ ಕೂತೆ. ನನಗೆ ನಿನ್ನ ಮೇಲೆ ಬಂದಷ್ಟು ಸಿಟ್ಟು ಈ ಜನ್ಮದಲ್ಲಿ ಯಾರ ಮೇಲೂ ಬಂದಿಲ್ಲ. ಅಳತೆ ಕೇಳಿದರೆ ಬೇರೆಯವರ ಕಾಲು ಕಳಿಸುವವರು ಉಂಟೇ? ಹೊಟ್ಟೆನೋವು ಅಂತ ಹೋಗಿ ಪಕ್ಕದವಳ ಹೊಟ್ಟೆ ತೋರಿಸಿದ ಹಾಗಾಯಿತು. ನಾನು ಕಳಿಸಿದ ಬೂಟೇ ನಿನ್ನ ಕಾಲು ಕೊಯ್ದಿದೆ. ನೀನು ನನ್ನ ಕೈಯಲ್ಲಿ ಆ ಕೆಲಸ ಮಾಡಿಸಿದೆ. ಯಾಕೆ ಅಂತ ಒಂದೇ ಒಂದು ಮಾತು ಬರಿ.

ಪುಟ್ಟಿ


ಮೇ 18

ಪುಟ್ಟೀ,

ಯಾಕೆ ಅಂತ ಕೇಳಿದ್ದೀಯ. ಒಂದು ಮಾತಿನಲ್ಲಿ ಆಗದು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಮೊದಲ ಕಾಗದ ಓದಿ ನಾನು ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಸಾಕ್ಸ್ ಬಿಚ್ಚಿ ನನ್ನ ಕಾಲು ನೋಡಿಕೊಂಡೆ. ಹೊಟ್ಟು, ಹಳದಿ ಉಗುರು, ನೆನೆದ ಚರ್ಮ, ನೀನು ಬರೆದದ್ದರಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ. ಅದನ್ನು ಕಾಗದದ ಮೇಲಿಟ್ಟು ಗೆರೆ ಎಳೆದೆ ಕೂಡ. ಆ ಗೆರೆ ನೋಡಿ ನನಗೇ ಅಸಹ್ಯವಾಯಿತು, ಹರಿದು ಒಲೆಗೆ ಹಾಕಿದೆ. ಚಿಟ್ಟೆಗೆ "ನಿನ್ನ ಕಾಲು ಒಂದು ಗಳಿಗೆ ಕೊಡೇ" ಅಂದೆ. ಅವಳು ನಕ್ಕು ಕೊಟ್ಟಳು. ನಮ್ಮಿಬ್ಬರ ಬೂಟಿನ ನಂಬರು ಒಂದೇ, ಆಗಬಹುದು ಅಂದುಕೊಂಡೆ.

ಆಗಲಿಲ್ಲ. ರಕ್ತ ಬಂದ ಮೇಲೆ ನನಗೂ ಬುದ್ಧಿ ಬಂತು. ಏನಾದರಾಗಲಿ, ಹೋಗಿ ಮಗಳಿಗೇ ತೋರಿಸೋಣ ಅಂತ ರಜೆ ಹಾಕಿ ಬಸ್ಸು ಹತ್ತಿದೆ. ಆ ದಿನ ಮಂಗಳವಾರ. ನಿನ್ನ ಅಂಗಡಿಯ ಗಾಜಿನ ಹೊರಗೆ, ರಿಯಾಯಿತಿ ಬೂಟುಗಳ ದೊಡ್ಡ ಚಿತ್ರದ ಪಕ್ಕದಲ್ಲಿ ನಿಂತಿದ್ದೆ. ನೀನು ಆ ಮುದುಕಿಯ ಕಾಲು ಹಿಡಿದಿದ್ದೆ. ಮುಖವನ್ನು ಬೀದಿ ಕಡೆ ತಿರುಗಿಸಿದೆ ಅಂತ ಬರೆದಿದ್ದೀಯಲ್ಲ, ಆ ಬೀದಿಯಲ್ಲಿ ನಾನಿದ್ದೆ. ನೀನು ನನ್ನನ್ನು ನೋಡಲಿಲ್ಲ. ನಾನು ನಿನ್ನ ಮುಖ ನೋಡಿದೆ. ಅಂಥ ಮುಖವನ್ನು ನಾನು ಕಕ್ಕಿದ ಹೊದಿಕೆ ಬಿಚ್ಚುವಾಗಲೂ ಮಾಡಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣದ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಹೆಗ್ಗಣ ಹೇಗೆ ಕಾಣುತ್ತದೆ ಅಂತ ಯಾರೂ ಗಾದೆ ಕಟ್ಟಿಲ್ಲ. ಅಲ್ಲಿಂದಲೇ ಹಿಂದಿರುಗಿದೆ. ಮನೆಗೆ ಬಂದ ಕೆಲವು ದಿನಕ್ಕೆ ನಿನ್ನ ಕಾಗದ ಬಂತು, ಅದನ್ನು ಓದಿ ನಗಬೇಕಂತೆ.

ನನಗೆ ನಿನ್ನ ಮೇಲೆ ಹೇಸಿಗೆ ಆಯಿತು ಪುಟ್ಟಿ. ಬರೆಯಬಾರದು, ಬರೆಯುತ್ತಿದ್ದೇನೆ.

ಈಗ ಕಾಲಿನ ವಿಷಯ. ನಿನ್ನ ಅಪ್ಪ ಹೋದ ಮೇಲೆ ನನಗೆ ಈ ಹೋಟೆಲಿನಲ್ಲಿ ಮೊದಲು ಸಿಕ್ಕಿದ್ದು ಮುಂಬಾಗಿಲಲ್ಲಿ ನಿಂತು ನಗುವ ಕೆಲಸ. ಸೀರೆ ನಮ್ಮದು, ಬೂಟು ಅವರದು. ಮೂತಿ ಚೂಪು, ಹಿಮ್ಮಡಿ ಎತ್ತರ, ಎಲ್ಲ ಹೆಂಗಸರಿಗೂ ಒಂದೇ ಅಳತೆ. ದೊಡ್ಡ ಕಾಲಿನವಳು ಬಾಗಿಲಲ್ಲಿ ನಿಂತರೆ ಲಕ್ಷಣವಲ್ಲವಂತೆ. ನೀನು ಶಾಲೆ ಮುಗಿಸುವ ತನಕ ಅದನ್ನೇ ಮೆಟ್ಟಿ ನಕ್ಕೆ. ವಯಸ್ಸಾಗಿ ನಗು ಸಾಲದಾದಾಗ ಹಿಂಬಾಗಿಲಿಗೆ, ಒಗೆಯುವ ಮನೆಗೆ ಕಳಿಸಿದರು. ಬೂಟು ವಾಪಸ್ಸು ತೆಗೆದುಕೊಂಡರು, ಕಾಲನ್ನು ನನಗೇ ಬಿಟ್ಟರು. ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಮಲಗಿದೆ. ಬುಡದಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು. ಅದರ ಮೇಲೆ ಈಗ ನಿನ್ನ ಬೂಟು ಕೊರೆದ ಹುಣ್ಣು, ಕೀವು ಬರುತ್ತದೆ, ನಾರುತ್ತದೆ. ಎಡಗಾಲು ಇದರ ಅರ್ಧದಷ್ಟು ಕೆಟ್ಟದು. ಇದೇ ನೀನು ಕೇಳಿದ ಅಳತೆ. ಓದಿ ಕೈ ತೊಳೆದುಕೋ.

ಅಮ್ಮ


ಮೇ 22

ಅಮ್ಮಾ,

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಹುಣ್ಣು ಇರುವಾಗ ಬೂಟು ಹಾಕಿ ನೋಡಬಾರದು, ಮೊದಲು ಆಸ್ಪತ್ರೆ, ಆಮೇಲೆ ಅಳತೆ. ಬೇಡ ಅಂದರೆ ಚಿಟ್ಟೆಯನ್ನೂ ಕರೆದು ಇಬ್ಬರೂ ಸೇರಿ ನಿನ್ನನ್ನು ಎತ್ತಿಕೊಂಡು ಹೋಗುತ್ತೇವೆ.

ನನಗೆ ನಿನ್ನ ಕಾಲು ನೋಡಿ ಏನೂ ಅನ್ನಿಸುವುದಿಲ್ಲ ಅಂತ ಬರೆದಿದ್ದೆ. ಸುಳ್ಳು ಅಂತ ಕಂಡು ಹರಿದುಹಾಕಿದೆ. ಏನನ್ನಿಸುತ್ತದೋ ನನಗೆ ಗೊತ್ತಿಲ್ಲ. ನನಗೆ ಹೆದರಿಕೆ ಇರುವುದು ನಿನ್ನ ಕಾಲಿನದಲ್ಲ, ನನ್ನ ಮುಖದ್ದು. ಅದು ನನ್ನ ಮಾತು ಕೇಳುವುದಿಲ್ಲ.

ಬಾಗಿಲು ಹಾಕಿಕೊಳ್ಳಬೇಡ.

ಪುಟ್ಟಿ


ಜೂನ್ 20

ಪುಟ್ಟೀ,

ಹುಣ್ಣು ಒಣಗಿದೆ. ಪಟ್ಟಿ ಕಟ್ಟುವ ನರ್ಸು ಇನ್ನು ಬರುವುದು ಬೇಡ ಅಂದಳು. ನೀನು ಕಳಿಸಿದ ಬೂಟು ನಾಲ್ಕು ದಿನದಿಂದ ಹಾಕುತ್ತಿದ್ದೇನೆ. ಬಲಗಾಲಿಗೆ ಒಂದು ನಂಬರು, ಎಡಗಾಲಿಗೆ ಒಂದು ನಂಬರು ಕೊಡಲು ಎರಡು ಜೊತೆ ಒಡೆದೆಯಂತಲ್ಲ, ನಿನ್ನ ಯಜಮಾನರು ಎಷ್ಟು ಬೈದರೋ. ಮೂತಿ ಅಗಲವಾಗಿ, ಮೆತ್ತಗಿದೆ, ಗಂಟಿಗೆ ಎಲ್ಲೂ ತಾಗುವುದಿಲ್ಲ. ಹಿಮ್ಮಡಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನೋಡುವುದಕ್ಕೆ ಮಾತ್ರ ಪರಮ ಅಸಹ್ಯ. ಬಾತುಕೋಳಿ ಕೆಲಸಕ್ಕೆ ಬಂದ ಹಾಗೆ ಕಾಣುತ್ತೇನೆ ಅಂತ ಚಿಟ್ಟೆ ದಿನಾ ನಗುತ್ತಾಳೆ. ನಗಲಿ. ಸೀಟಿ ಬಂದು ಎರಡು ಸಲ ಸುತ್ತಿದ, ನಾನು ನೆಟ್ಟಗೆ ನಿಂತು ಹೊದಿಕೆಗಳ ರಾಶಿ ಮುಗಿಸಿದೆ. ಬೂಟು ನೋಡಿ ಮೂಗು ಮುರಿದ, ಸೀಟಿ ಹೊಡೆಯುತ್ತ ಮುಂದಿನ ಮೇಜಿಗೆ ಹೋದ. ಜೂನ್ ಮುಗಿದ ಮೇಲೂ ನನ್ನ ಮೇಜು ನನ್ನದೇ.

ನೀನು ಬಂದ ದಿನದ ಬಗ್ಗೆ ಇಬ್ಬರೂ ಮಾತಾಡಿಲ್ಲ. ಹೋಗುವಾಗ ನೀನು ಬಸ್ಸಿನ ಕಿಟಕಿಯಿಂದಲೂ ನನ್ನ ಕಡೆ ನೋಡಲಿಲ್ಲ. ನಿನ್ನ ಮನಸ್ಸಿನಲ್ಲಿ ಏನು ಕೊರೆಯುತ್ತಿದೆ ಅಂತ ನನಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ನೀನು ಮುಖ ಸಿಂಡರಿಸಿದೆ. ಸಾಕ್ಸ್ ಹುಣ್ಣಿಗೆ ಅಂಟಿತ್ತು, ನೀನು ಬಿಸಿನೀರು ಹುಯ್ದು ಹುಯ್ದು ಬಿಡಿಸಿದೆ. ಅದು ಬಿಟ್ಟುಬಂದಾಗ ಎದ್ದ ವಾಸನೆಗೆ ನನಗೇ ತಲೆ ತಿರುಗಿತು. ನಿನಗೆ ವಾಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಮುಖವನ್ನು ಗೋಡೆಯ ಕಡೆ ತಿರುಗಿಸಿದೆ. ಗಾಜಿನ ಹೊರಗಿನಿಂದ ನೋಡಿದ ಅದೇ ಮುಖ. ಅಷ್ಟು ಸಾಕು ಅನ್ನಿಸಿ ನಾನು ಕಾಲು ಎಳೆದುಕೊಳ್ಳಲು ಹೋದೆ. ಎರಡು ಸಲ ಎಳೆದೆ. ಬರಲಿಲ್ಲ. ನೀನು ಎರಡೂ ಕೈಯಲ್ಲಿ ಅಷ್ಟು ಗಟ್ಟಿಯಾಗಿ ಹಿಡಿದಿದ್ದೆ.

ನಿನ್ನ,
ಅಮ್ಮ